ಮೂವತ್ತಾರನೆಯ ಮೇಳಕ್ಕೆ ನಾನು ಕೊಟ್ಟ ಉತ್ತರ

ಈ ಬರಹಕ್ಕೆಂದು ನಾನು ಕೂತದ್ದು ಇದೇ ಮೊದಲಲ್ಲ. ಒಂದು ಸಲ ಪೆನ್ನಿನ ನಿಬ್ಬು ಸರಿಯಿಲ್ಲವೆಂದು ಎದ್ದುಬಿಟ್ಟೆ. ಇನ್ನೊಂದು ಸಲ ಪಾಠಶಾಲೆಯ ಹಾರ್ಮೋನಿಯಂ ಬಗ್ಗೆ ಹನ್ನೆರಡು ಪುಟ ಬರೆದುಹಾಕಿದೆ. ಆ ಹಾರ್ಮೋನಿಯಂನಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ, ಸ್ವರದ ಎರಡು ಮನೆ ಒತ್ತಿದರೆ ಬರೀ ಗಾಳಿ ಬರುತ್ತಿತ್ತು, ಅಷ್ಟೆ. ಮೂರನೆಯ ಸಲ ನನ್ನ ತಪ್ಪಿನ ಹತ್ತಿರಕ್ಕೇ ಬಂದಿದ್ದೆ, ಅಷ್ಟರಲ್ಲಿ ಹಾಲಿನವನು ಕೂಗಿದ. ಹಾಲು ತೆಗೆದುಕೊಳ್ಳಲು ಎದ್ದವನು ಎರಡು ವರ್ಷ ಆ ಹಾಳೆಯ ಕಡೆ ತಿರುಗಿ ನೋಡಲಿಲ್ಲ. ಈಗ ಹೇಳಿಬಿಡುತ್ತೇನೆ. ಆದರೆ ತಪ್ಪನ್ನಷ್ಟೇ ಹೇಳಿ ನಗುವನ್ನು ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ಏಕೆಂದರೆ ಆ ವರ್ಷಗಳಲ್ಲಿ ನಾವು ಬಹಳ ನಕ್ಕೆವು. ನಗುವಿನ ನಡುವೆಯೇ ನಾನು ಆ ಕೆಲಸ ಮಾಡಿದೆ.

ನಾನು ಮೈಸೂರಿನ ಒಂದು ಖಾಸಗಿ ಸಂಗೀತ ಪಾಠಶಾಲೆಯಲ್ಲಿ ಶಾಸ್ತ್ರದ ಮೇಷ್ಟ್ರಾಗಿದ್ದೆ. ಸಂಗೀತದ ಸರ್ಕಾರಿ ಪರೀಕ್ಷೆಗೆ ಮೂರು ಮೆಟ್ಟಿಲು: ಜೂನಿಯರ್, ಸೀನಿಯರ್, ವಿದ್ವತ್. ಜೂನಿಯರಿನಲ್ಲಿ ಶಾಸ್ತ್ರವೆಂದರೆ ಎಲೆಯ ತುದಿಯ ಉಪ್ಪಿನಕಾಯಿ. ಸೀನಿಯರಿಗೆ ಬಂದರೆ ಅದೇ ಊಟ. ಮೇಳ, ತಾಳ, ರಾಗಲಕ್ಷಣ, ವಾಗ್ಗೇಯಕಾರರ ಚರಿತ್ರೆ ಎಲ್ಲವನ್ನೂ ಕೂತು ಬರೆಯಬೇಕು. ಕೋಗಿಲೆಯ ಹಾಗೆ ಹಾಡುವವರು ಆ ಪತ್ರಿಕೆ ಕಂಡೊಡನೆ ಗೂಬೆಯ ಹಾಗೆ ಕಣ್ಣು ಬಿಡುತ್ತಿದ್ದರು. ಅವರನ್ನು ದಡ ಮುಟ್ಟಿಸುವುದು ನನ್ನ ಕೆಲಸ.

ನನಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಈಗ ಶಾಸ್ತ್ರಪಾಠ ಹೇಳಲು ಹೊರಟಿರುವ ಎಳೆಯರು ನಂಬುವುದಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಾನು ಹೈಸ್ಕೂಲು ಮುಗಿಸಿದೆ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು, ಕಾಲೇಜಿಗೆ ಕಳಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಯಾರೋ ಹೇಳಿದರೆಂದು ಪಾಠಶಾಲೆಗೆ ಹೋದೆ. ಅದನ್ನು ನಡೆಸುತ್ತಿದ್ದ ವಿದ್ವಾಂಸರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ನಶ್ಯದ ಡಬ್ಬಿ ತಿರುಗಿಸುತ್ತ ಕೇಳಿದರು:

"ಹಾಡ್ತೀಯೇನಪ್ಪ?"

ನಾನು ಹುರುಪಿನಿಂದ ಒಂದು ಗೀತೆ ಎತ್ತಿಕೊಂಡೆ. ಎರಡನೆಯ ಸಾಲಿಗೇ ಅವರು ಕೈ ಎತ್ತಿದರು.

"ಸಾಕು ಸಾಕು, ತಂಬೂರಿಗೆ ಕೇಳಿಸೀತು. ಲೆಕ್ಕ ಬರತ್ತಾ?"

"ಬರತ್ತೆ ಸ್ವಾಮಿ."

"ಹದಿನೇಳೈದ್ಲ?"

"ಎಂಬತ್ತೈದು."

"ನಾಳೆಯಿಂದ ಬಾ. ಹಾಡೋರಿಗೆ ಲೆಕ್ಕ ಅಂದ್ರೆ ಜ್ವರ ಬರತ್ತೆ ಕಣಯ್ಯ. ನೀನು ಶಾಸ್ತ್ರ ಓದ್ಕೊಂಡು ಶಾಸ್ತ್ರ ಹೇಳು. ಒಂದೇ ಷರತ್ತು. ಪಾಠಶಾಲೆ ಒಳಗೆ ಹಾಡಕೂಡದು."

"ಹೊರಗೆ, ಸ್ವಾಮಿ?"

"ಬೀದಿ ಜನ ಏನು ಪಾಪ ಮಾಡಿದ್ದಾರೋ?"

ಹೀಗೆ ನಾನು ಮೇಷ್ಟ್ರಾದೆ. ಪುಸ್ತಕಗಳನ್ನು ಎರವಲು ತಂದು ಓದಿದೆ. ಆರು ತಿಂಗಳಲ್ಲಿ ಮೂವತ್ತೈದು ತಾಳ, ಎಪ್ಪತ್ತೆರಡು ಮೇಳ, ಹದಿನೈದು ಗಮಕ ಎಲ್ಲ ಬಾಯಿಪಾಠ. ಗಮಕವೆಂದರೆ ಕಿವಿಗೆ ಹೇಗೆ ಕೇಳಿಸುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲಿಲ್ಲ.

ನನ್ನ ಪಾಠದ ಕ್ರಮ ಬಹಳ ಜೋರಾಗಿತ್ತು. ತಾಳವನ್ನು ಎಲ್ಲಿದ್ದರೂ ಹಾಕುತ್ತಿರಬೇಕು ಎಂದು ಆಜ್ಞೆ ಮಾಡಿದ್ದೆ. ಒಬ್ಬ ಹುಡುಗಿ ಅದನ್ನು ಮನಸ್ಸಿಗೆ ತೆಗೆದುಕೊಂಡು ಸಿಟಿ ಬಸ್ಸಿನ ಕಿಟಕಿಯ ಹೊರಗೆ ಕೈ ಹಾಕಿ ತಗಡಿನ ಮೇಲೆ ಧ್ರುವತಾಳ ತಟ್ಟಿದಳು. ಒಂದು ತಟ್ಟು ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ಹೊರಡು ಎಂಬುದು ಕಂಡಕ್ಟರನಿಗೂ ಡ್ರೈವರನಿಗೂ ಇದ್ದ ಒಪ್ಪಂದ. ಬಸ್ಸು ನಿಂತಿತು, ಹೊರಟಿತು, ನಿಂತಿತು, ಮತ್ತೆ ನಿಂತಿತು. ಕೊನೆಗೆ ಡ್ರೈವರ್ ಇಳಿದು ಬಂದು ಕಂಡಕ್ಟರನ ಕೊರಳಪಟ್ಟಿ ಹಿಡಿದನಂತೆ. ಹುಡುಗಿ ಪಾಠಶಾಲೆಗೆ ಓಡಿಬಂದು, "ಸಾರ್, ಎರಡು ಆವರ್ತ ಮುಗಿಸಿದೆ" ಎಂದಳು.

ವಾಗ್ಗೇಯಕಾರರ ಚರಿತ್ರೆಗೆ ನಾನು ಇನ್ನೂ ದೊಡ್ಡ ಉಪಾಯ ಕಂಡುಹಿಡಿದಿದ್ದೆ. ಎಲ್ಲರೂ ಸಣ್ಣ ವಯಸ್ಸಿನಲ್ಲೇ ಪ್ರತಿಭೆ ತೋರಿದವರು, ಎಲ್ಲರೂ ಯಾವುದೋ ಒಬ್ಬ ದೇವರ ಭಕ್ತರು, ಎಲ್ಲರಿಗೂ ಒಬ್ಬ ಗುರು. ಆದ್ದರಿಂದ ಒಂದೇ ಚರಿತ್ರೆ ಬರೆಸಿ ಊರು, ದೇವರು, ಗುರು ಎಂಬ ಮೂರು ಕಡೆ ಜಾಗ ಬಿಡಿಸಿದ್ದೆ. ಬೇಕಾದ ಹೆಸರು ತುಂಬಿಕೊಂಡರಾಯಿತು. ಒಂದು ವರ್ಷ ಒಬ್ಬಳು ಪರೀಕ್ಷೆಯಲ್ಲಿ ಗಾಬರಿಯಾಗಿ ಹಾಗೆಯೇ ಬರೆದು ಬಂದಳು: "ಇವರು ಡ್ಯಾಷ್ ಎಂಬ ಊರಿನಲ್ಲಿ ಹುಟ್ಟಿ ಡ್ಯಾಷ್‌ನನ್ನು ಅನನ್ಯವಾಗಿ ಭಜಿಸಿದರು." ಅವಳಿಗೆ ಐದು ಅಂಕ ಬಂತು. ದೊಡ್ಡ ಮೇಷ್ಟ್ರು ನಕ್ಕೂ ನಕ್ಕೂ ನಶ್ಯ ಚೆಲ್ಲಿಕೊಂಡರು. "ನಿರ್ಗುಣೋಪಾಸನೆ ಕಣಯ್ಯ ಇದು!" ಎಂದರು.

ಐವತ್ತರ ದಶಕದ ಕೊನೆಯ ಹೊತ್ತಿಗೆ ಪಾಠಶಾಲೆಗೆ ಸೈಕ್ಲೋಸ್ಟೈಲ್ ಯಂತ್ರ ಬಂತು. ಅದುವರೆಗೆ ನಾನು ಹೇಳುವುದು, ಅವರು ಬರೆದುಕೊಳ್ಳುವುದು. ಯಂತ್ರ ಬಂದ ಮೇಲೆ ಮೇಣದ ಹಾಳೆಯ ಮೇಲೆ ಚೂಪು ಕಡ್ಡಿಯಿಂದ ಅಕ್ಷರ ಕೊರೆದು ಸ್ಟೆನ್ಸಿಲ್ ಮಾಡಿ, ಶಾಯಿಯ ಉರುಳೆ ಸುತ್ತಿದರೆ ಬೇಕಾದಷ್ಟು ಪ್ರತಿ. ನನ್ನ ನೋಟ್ಸು ಅಚ್ಚಾಗಿ ಬರುವುದೆಂದರೆ! ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ಹತ್ತು ಸಲ ನೋಡಿದೆ. ನನ್ನ ಅಕ್ಷರ ಮಾತ್ರ ಕಾಗೆ ಕಾಲಿನ ಹಾಗಿತ್ತು. ಯಾರಿಗೂ ಓದಲಾಗಲಿಲ್ಲ. ಆಗ ನೆನಪಾದವನು ಬೋರ್ಡಣ್ಣ.

ಬೋರ್ಡಣ್ಣ ನನ್ನ ಸೀನಿಯರ್ ತರಗತಿಯ ವಿದ್ಯಾರ್ಥಿ. ಇಪ್ಪತ್ತೆರಡು ಹುಡುಗಿಯರ ನಡುವೆ ಒಬ್ಬನೇ ಗಂಡಸು. ವಯಸ್ಸು ಮೂವತ್ತನಾಲ್ಕು, ನನಗಿಂತ ದೊಡ್ಡವನು. ಹಿನಕಲ್ಲಿನ ಬೇಸಾಯದ ಮನೆಯವನು. ಹಿನಕಲ್ ಆಗ ಹೊಲಗಳ ನಡುವಿನ ಹಳ್ಳಿ. ದೊಡ್ಡ ಗಡಿಯಾರದ ಸುತ್ತಮುತ್ತಲಿನ ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಸೈಕಲ್ಲಿನ ಹ್ಯಾಂಡಲಿಗೆ ಬಣ್ಣದ ಡಬ್ಬಿಗಳನ್ನು ತೂಗುಹಾಕಿಕೊಂಡು ಬರುತ್ತಿದ್ದ. ಅವನಿಗಿಂತ ಮೊದಲು ಟರ್ಪೆಂಟೈನ್ ವಾಸನೆ ಮೆಟ್ಟಿಲು ಹತ್ತುತ್ತಿತ್ತು.

"ಬೋರ್ಡಣ್ಣ ಬಂದ್ರು, ಮೂಗು ಮುಚ್ಕೊಳ್ರೇ" ಎಂದು ಹುಡುಗಿಯರು ಕಿಸಕ್ಕೆನ್ನುತ್ತಿದ್ದರು.

"ಮುಚ್ಕೊಳ್ರವ್ವಾ. ಆಗಲಾದ್ರೂ ಮೂಗಲ್ಲಿ ಆಡಾದು ನಿಲ್ತದೆ" ಎನ್ನುತ್ತಿದ್ದ ಅವನು.

ಅವನು ಹಾಡಲು ಕೂತರೆ ಮಾತ್ರ ಕಿಸಕ್ಕೆನ್ನುವವರು ಯಾರೂ ಇರಲಿಲ್ಲ. ದೊಡ್ಡ ಮೇಷ್ಟ್ರು ನಶ್ಯದ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಡುತ್ತಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಸೀನಿಯರ್ ಯಾಕೆ ಬೇಕು ನಿನಗೆ ಎಂದು ಒಮ್ಮೆ ಕೇಳಿದ್ದೆ.

"ಗಂಟ್ಲು ಸಾ. ಈ ಬಣ್ಣದ ಗಾಳಿ ಗಂಟ್ಲು ಇಡ್ಕೊಳ್ತಾ ಅದೆ. ಇನ್ನೈದೊರ್ಸ ಏಣಿ ಮೇಲೇ ನಿಂತ್ರೆ ಸ್ವರ ವೋಯ್ತದೆ ಅಂದ್ರು ಡಾಕ್ಟ್ರು. ಸೀನಿಯರ್ ಆಗ್ಬುಟ್ರೆ ಸ್ಕೂಲಲ್ಲಿ ಸಂಗೀತದ್ ಮೇಷ್ಟ್ರು ಕೆಲ್ಸಕ್ಕೆ ಅರ್ಜಿ ಆಕ್ಬೋದು. ವಯಸ್ಸಿನ ಮಿತಿ ಈ ವರ್ಸಕ್ಕೇ ಕೊನೆ. ಅದಕ್ಕೇಯ."

"ಮೇಷ್ಟ್ರಾಗಿ ನನ್ನ ಹೊಟ್ಟೆ ಮೇಲೆ ಹೊಡೀತೀಯ ಅನ್ನು."

"ನಿಮ್ಗೆ ಆಡಕ್ ಬರಲ್ವಲ್ಲ, ನಿಮ್ ಕೆಲ್ಸ ನಿಮ್ಗೇ ಇರ್ತದೆ ಬುಡಿ ಸಾ!"

ಇಬ್ಬರೂ ನಕ್ಕೆವು. ನನ್ನ ನಗು ಸ್ವಲ್ಪ ಬೇಗ ನಿಂತಿತು.

ಅವನ ಅಕ್ಷರ ಮುತ್ತಿನಂತಿತ್ತು. ನನ್ನ ನೋಟ್ಸನ್ನು ಸ್ಟೆನ್ಸಿಲಿನ ಮೇಲೆ ಕೊರೆಯಲು ಅವನಿಗೇ ಹೇಳಿದೆ. ಭಾನುವಾರ ಪಾಠಶಾಲೆಯಲ್ಲಿ ನಾವಿಬ್ಬರೇ ಕೂತೆವು. ನಾನು ಬರೆದ ನೋಟು ಪುಸ್ತಕ ಮುಂದಿಟ್ಟುಕೊಂಡು ಅವನು ಸಾಲು ಸಾಲಾಗಿ ಕೊರೆಯುತ್ತ ಹೋದ. ಮೇಳದ ಪುಟಕ್ಕೆ ಬಂದಾಗ ಕಡ್ಡಿ ನಿಂತಿತು.

ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು. ರಾಗಗಳಿಗೆಲ್ಲ ತಾಯಿಯಂತಿರುವ ಮೇಳಗಳು ಎಪ್ಪತ್ತೆರಡು. ಆರು ಮೇಳ ಸೇರಿ ಒಂದು ಚಕ್ರ, ಒಟ್ಟು ಹನ್ನೆರಡು ಚಕ್ರ. ಮೊದಲ ಆರು ಚಕ್ರ, ಅಂದರೆ ಮೂವತ್ತಾರು ಮೇಳಗಳಿಗೆ ಕೆಳಗಿನ ಮ, ಅದು ಶುದ್ಧ ಮಧ್ಯಮ; ಉಳಿದವಕ್ಕೆ ಮೇಲಿನ ಮ, ಅದು ಪ್ರತಿ ಮಧ್ಯಮ. ಮೇಳದ ಸಂಖ್ಯೆ ಕೊಟ್ಟರೆ ಅದರ ಸ್ವರಗಳನ್ನು ಹೇಳಬೇಕು. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ನನ್ನ ಸೂತ್ರ ಹೀಗಿತ್ತು: ಸಂಖ್ಯೆಯನ್ನು ಆರರಿಂದ ಭಾಗಿಸಿ. ಭಾಗಲಬ್ಧಕ್ಕೆ ಒಂದು ಕೂಡಿಸಿದರೆ ಚಕ್ರ. ಉಳಿದ ಶೇಷವೇ ಆ ಚಕ್ರದಲ್ಲಿ ಮೇಳದ ಸ್ಥಾನ. ಎಂಟು, ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಅರವತ್ತೈದು, ನಾನು ಪಾಠಕ್ಕೆ ತೆಗೆದುಕೊಳ್ಳುತ್ತಿದ್ದ ಹೆಸರುವಾಸಿ ಮೇಳಗಳಿಗೆಲ್ಲ ಇದು ಗಡಿಯಾರದಂತೆ ನಡೆಯುತ್ತಿತ್ತು. ಅವುಗಳಲ್ಲಿ ಒಂದೂ ಆರರಿಂದ ಸರಿಯಾಗಿ ಭಾಗವಾಗುವುದಿಲ್ಲ. ಶೇಷವೇ ಉಳಿಯದಿದ್ದರೆ ಏನು ಮಾಡಬೇಕೆಂದು ಹತ್ತು ವರ್ಷದಲ್ಲಿ ನಾನು ಯೋಚಿಸಿರಲೇ ಇಲ್ಲ. ನೋಟ್ಸು ಪೂರ್ತಿಯಾಗಿ ಕಾಣಲೆಂದು ಆ ವಾರವಷ್ಟೇ ಒಂದು ಸಾಲು ಸೇರಿಸಿದ್ದೆ: "ಶೇಷ ಸೊನ್ನೆಯಾದರೆ ಆ ಚಕ್ರದ ಮೊದಲನೆಯ ಮೇಳವೆಂದು ತಿಳಿಯುವುದು."

"ಸಾ, ಇದು ಬರಲ್ಲ" ಎಂದ ಬೋರ್ಡಣ್ಣ.

"ಏನು ಬರಲ್ಲ?"

"ಮೂವತ್ತಾರು ತಕ್ಕಳಿ. ಆರಾರ್ಲೆ ಮೂವತ್ತಾರು, ಶೇಷ ಇಲ್ಲ. ನಿಮ್ ಪ್ರಕಾರ ಏಳನೇ ಚಕ್ರದ ಮೊದಲ್ನೇದು. ಅಲ್ಲಿ ಪ್ರತಿ ಮಧ್ಯಮ ಬಂದ್ಬುಡ್ತದೆ. ಎಪ್ಪತ್ತೆರಡಕ್ಕೆ ಹದಿಮೂರ್ನೇ ಚಕ್ರ ಬೇಕು, ಎಲ್ಲಿಂದ ತರಾದು?"

ಕಡ್ಡಿ ಕೆಳಗಿಟ್ಟು ಎರಡು ಕೈ ಚಾಚಿದ.

"ಇಂಗ್ ನೋಡಿ. ಬಲಗೈ ನಾಕ್ ಬೆರಳು, ಬೆರಳಿಗೆ ಮೂರ್ ಗೆಣ್ಣು, ಅನ್ನೆರಡು ಚಕ್ರ. ಎಡಗೈ ಎರಡ್ ಬೆರಳು, ಆರ್ ಗೆಣ್ಣು, ಆರ್ ಮೇಳ. ಎಡಗೈಲಿ ಆರೂ ಮುಟ್ಟೋವರ್ಗೂ ಬಲಗೈ ಎಬ್ಬೆಟ್ಟು ಕದಲಂಗಿಲ್ಲ. ಆರು ಕಂತೆ ಉಲ್ಲಿಗೆ ಒಂದು ಒರೆ ಅಂದ್ಕಳಿ. ಆರನೇ ಕಂತೆ ಇದೇ ಒರೆಗೆ ಸೇರ್ಬೇಕು, ಮುಂದಿನ್ ಒರೆಗಲ್ಲ. ನಮ್ಮಪ್ಪ ಉಲ್ಲು ಕಟ್ಟಿದ್ದೇ ಇಂಗೆ."

ಅವನ ಹೆಬ್ಬೆಟ್ಟು ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತ ಹೋಗಿ ಮೂವತ್ತಾರಕ್ಕೆ ಆರನೆಯ ಚಕ್ರದ ಕೊನೆಯಲ್ಲಿ ಸರಿಯಾಗಿ ನಿಂತಿತು. ಅಷ್ಟು ಸುಂದರವಾದ ಲೆಕ್ಕವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೈ ಜುಮ್ಮೆಂದಿತು. ಬಾಯಿಂದ ಬಂದದ್ದು ಬೇರೆ.

"ಹುಲ್ಲು ಹೊರೆ ಕಟ್ಟೋಕೆ ಬಂದಿದ್ದೀಯೇನಯ್ಯ ಇಲ್ಲಿಗೆ? ಅಂಗಡಿಯವನು ಕೊಟ್ಟ ಹೆಸರು ಬರೀತೀಯೋ, ನಿನಗೆ ತೋಚಿದ್ದು ಬರೀತೀಯೋ?"

"ಕೊಟ್ಟಿದ್ದೇ ಬರಿಯಾದು ಸಾ."

"ಹಾಗಾದ್ರೆ ಕೊಟ್ಟಿದ್ದೇ ಬರಿ."

ಅವನು ಕಡ್ಡಿ ಎತ್ತಿಕೊಂಡ. ಕೊಟ್ಟದ್ದನ್ನೇ ಬರೆದ. ಆ ಸಾಲಿನ ಅಕ್ಷರಗಳೂ ಮುತ್ತಿನಂತೆಯೇ ಇದ್ದವು.

ಪರೀಕ್ಷೆಯಲ್ಲಿ ಮೂವತ್ತಾರನೆಯ ಮೇಳವೇ ಬಂತು. ನನ್ನ ನೋಟ್ಸನ್ನು ಕಣ್ಣಿಗೊತ್ತಿಕೊಂಡು ಓದಿದ್ದ ಇಪ್ಪತ್ತೆರಡು ಹುಡುಗಿಯರೂ ಒಂದೇ ಸಮನಾಗಿ ಮೂವತ್ತೇಳನೆಯ ಮೇಳದ ಸ್ವರಗಳನ್ನು ಬರೆದುಬಂದರು. ಅದು ತಪ್ಪೆಂದು ಅವರ ಬಾಯಿಗೆ ಗೊತ್ತಿರಬೇಕು, ಕೈ ಮಾತ್ರ ಮೇಷ್ಟ್ರ ಮಾತು ಕೇಳಿತು. ಇಪ್ಪತ್ತಮೂರನೆಯ ಉತ್ತರ ಸರಿಯಾಗಿತ್ತು. ಅದು ಬೋರ್ಡಣ್ಣನದು.

ಒಂದು ಪಾಠಶಾಲೆ ಪೂರ್ತಿ ಒಂದೇ ತಪ್ಪು ಬರೆದರೆ ನಕಲು ಎನ್ನದೆ ಏನೆನ್ನುತ್ತಾರೆ? ಪರೀಕ್ಷೆಯ ಕಡೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬರುತ್ತಾರೆಂದು ಬೆಳಿಗ್ಗೆ ಹೇಳಿಕಳಿಸಿದರು. ದೊಡ್ಡ ಮೇಷ್ಟ್ರು ನನ್ನನ್ನು ಕರೆದು, "ನಿನ್ನ ಮೂಲ ಪುಸ್ತಕ ಇದೆಯಲ್ಲ, ತಗೊಂಬಾ. ಸರಿಯಿದ್ರೆ ಭಯ ಯಾಕೆ" ಎಂದರು. ನಾನು ಮನೆಗೆ ಓಡಿದೆ. ಆ ಸಾಲನ್ನು ಓದಲಾಗದಷ್ಟು ದಪ್ಪವಾಗಿ ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: "ಶೇಷ ಸೊನ್ನೆಯಾದರೆ ಭಾಗಲಬ್ಧವೇ ಚಕ್ರ, ಮೇಳ ಅದರ ಕೊನೆಯದು." ಮಸಿ ಒಣಗಲಿಲ್ಲ. ಒಲೆಯ ಮುಂದೆ ಹಿಡಿದೆ, ಬೀಸಣಿಗೆಯಲ್ಲಿ ಬೀಸಿದೆ. ನನ್ನಾಕೆ, "ಪುಸ್ತಕಕ್ಕೆ ಸೆಖೆಯಾ?" ಎಂದಳು. ಆ ಗಾಬರಿಯಲ್ಲೂ ನನಗೆ ನಗು ಬಂತು. ನಗುತ್ತಲೇ ಬೀಸಿದೆ.

ವಿಚಾರಣೆ ಪಾಠಶಾಲೆಯ ಹಾಲಿನಲ್ಲಿ ನಡೆಯಿತು. ಅಧಿಕಾರಿ ನನ್ನ ಪುಸ್ತಕ, ಸ್ಟೆನ್ಸಿಲಿನ ಪ್ರತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೋರ್ಡಣ್ಣನನ್ನು ಕರೆಸಿದರು. ಅವನು ಕೆಲಸದ ನಡುವೆ ಬಂದಿದ್ದ, ಮೊಣಕೈತನಕ ಕೆಂಪು ಬಣ್ಣ.

"ಮೂಲದಲ್ಲಿ ಸರಿಯಿದೆ. ನೀನು ಕೊರೆದದ್ದರಲ್ಲಿ ತಪ್ಪಿದೆ. ಏನಿದು?"

"ಕೊಟ್ಟಿದ್ದೇ ಬರ್ದಿವ್ನಿ ಸಾ." ಪುಸ್ತಕದ ಮೇಲೆ ಬಾಗಿದ. "ಈ ಮಸಿ ಇವತ್ತಿಂದು ಸಾ. ನೋಡಿ ಬೇಕಾರೆ, ಇನ್ನೂ ಮಿಂಚ್ತಾ ಅದೆ. ನಾನು ಬಣ್ಣದಲ್ಲೇ ಬದುಕೋನು, ಗೊತ್ತಾಯ್ತದೆ."

"ಮಸಿ ಪರೀಕ್ಷೆಗೆ ನೀನು ಕೂತಿಲ್ಲಪ್ಪ. ಎಲ್ಲರಿಗೂ ತಪ್ಪು, ಕೊರೆದವನಿಗೊಬ್ಬನಿಗೆ ಸರಿ! ಬೇರೆಯವರಿಗೆ ಅಂಕ ಕಡಿಮೆ ಆಗ್ಲಿ ಅಂತ ಬೇಕೂಂತ್ಲೇ ಮಾಡಿದ್ದು." ನನ್ನ ಕಡೆ ತಿರುಗಿದರು. "ಏನ್ರೀ ಮೇಷ್ಟ್ರೇ, ನೀವೇನಂತೀರಿ?"

ಹಾಲಿನಲ್ಲಿ ಇಪ್ಪತ್ತೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ದೊಡ್ಡ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಅವನೂ ನೋಡುತ್ತಿದ್ದ. ನನ್ನದು ತಪ್ಪು ಎಂಬ ಎರಡು ಮಾತು ಸಾಕಿತ್ತು.

"ಅವನಿಗೆ ಯಾವಾಗಲೂ ಅವಸರ ಸಾರ್" ಎಂದೆ.

ಹುಡುಗಿಯರಿಗೆ ಆ ಪ್ರಶ್ನೆಯ ಅಂಕ ಕೊಟ್ಟರು. ಎಲ್ಲರೂ ಪಾಸಾಗಿ ಪಾಠಶಾಲೆಯಲ್ಲಿ ಮೈಸೂರುಪಾಕು ಹಂಚಿದರು. ಬೋರ್ಡಣ್ಣನ ಫಲಿತಾಂಶವನ್ನು ತಡೆಹಿಡಿದರು. ಸ್ಕೂಲಿನ ಕೆಲಸದ ಅರ್ಜಿಯ ದಿನ ಕಳೆಯಿತು, ಅವನ ವಯಸ್ಸೂ ದಾಟಿತು.

ಅವನು ಇನ್ನೊಂದೇ ಸಲ ಪಾಠಶಾಲೆಗೆ ಬಂದ. ನಮ್ಮ ಬಾಗಿಲ ಮೇಲಿನ ಬೋರ್ಡನ್ನು ಅರ್ಧ ಬರೆದಿದ್ದ, ಅದನ್ನು ಮುಗಿಸಲು ಬಂದಿದ್ದ. ನಾನು ಏಣಿಯ ಕೆಳಗೆ ಹೋಗಿ ನಿಂತೆ. ಹೇಳಬೇಕೆಂದೇ ನಿಂತೆ. ಅವನು ಮೇಲಿನಿಂದ ನೋಡಲೂ ಇಲ್ಲ.

"ಬಣ್ಣ ತೊಟ್ಟಿಕ್ತದೆ ಸಾ, ಆಚೆ ನಿಂತ್ಕಳಿ" ಎಂದ. ಇಳಿದು ಕುಂಚ ಒರೆಸುತ್ತ, "ಆ ಮೂವತ್ತಾರು ಸರಿ ಮಾಡ್ಬುಡಿ. ಮುಂದಿನೊರ್ಸದ್ ಮಕ್ಳು ಯಾಕ್ ಕೆಡ್ಬೇಕು?" ಎಂದ.

"ನೋಡೋಣ" ಎಂದೆ ನಾನು.

ಸರಿ ಮಾಡಿದೆ. ಅದಕ್ಕಿಂತ ಹೆಚ್ಚೂ ಮಾಡಿದೆ. ಭಾಗಾಕಾರವನ್ನೇ ಕೈಬಿಟ್ಟು ಮುಂದಿನ ವರ್ಷದಿಂದ ಗೆಣ್ಣಿನ ಲೆಕ್ಕ ಹೇಳಿಕೊಟ್ಟೆ. ಮಕ್ಕಳು ಕುಣಿದಾಡಿದರು. ಹದಿನೈದು ಎಂದರೆ ಹೆಬ್ಬೆಟ್ಟು ಹಾರುತ್ತಿತ್ತು, ಎಪ್ಪತ್ತೆರಡು ಎಂದರೆ ಕೊನೆಯ ಗೆಣ್ಣಿಗೆ ಬಂದು ಕೂರುತ್ತಿತ್ತು. ಬೇರೆ ಪಾಠಶಾಲೆಗಳವರು ಬಂದು ಕಲಿತುಹೋದರು. ಮೇಷ್ಟ್ರ ಗೆಣ್ಣು ಎಂದು ಅದಕ್ಕೆ ಹೆಸರಾಯಿತು. ಅರವತ್ತರ ದಶಕದಲ್ಲಿ ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಇಷ್ಟು ಸುಲಭದ ಲೆಕ್ಕ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಹುಲ್ಲಿನ ಹೊರೆ ನೋಡಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಶಾಲು ಹೊದ್ದ ತಿಂಗಳಲ್ಲೇ ದೊಡ್ಡ ಗಡಿಯಾರದ ಹತ್ತಿರ ಬೋರ್ಡಣ್ಣನನ್ನು ಕಂಡೆ. ಒಂದು ಬಟ್ಟೆ ಅಂಗಡಿಯ ಮುಂದೆ ಏಣಿಯ ಮೇಲಿದ್ದ. ಕೆಳಗಿದ್ದ ಅಂಗಡಿಯವನನ್ನು ಏನೋ ಕೇಳುತ್ತಿದ್ದ. ಅಂಗಡಿಯವನು, "ಏನು? ಜೋರಾಗಿ ಹೇಳು" ಎಂದು ಕಿವಿ ಎತ್ತಿದ. ಬೋರ್ಡಣ್ಣ ಮತ್ತೆ ಹೇಳಿದ. ಗಂಟಲಿನಿಂದ ಬಂದದ್ದು ಬರೀ ಗಾಳಿ. ಕೊನೆಗೆ ಹೆಬ್ಬೆಟ್ಟನ್ನು ಬಾಯಿಯ ಹತ್ತಿರ ಎತ್ತಿ ನೀರು ಬೇಕೆಂದು ತೋರಿಸಿದ.

ನಾನು ರಸ್ತೆ ದಾಟಿ ಆಚೆ ಹೋದೆ.

ಪಾಠ ಹೇಳಲು ಹೊರಟಿರುವವರೇ, ನೀವೂ ತಪ್ಪು ಮಾಡುತ್ತೀರಿ. ಮಕ್ಕಳ ಮುಂದೆ ಒಪ್ಪಿಕೊಂಡು ನಕ್ಕುಬಿಡಿ, ಅದರಿಂದ ಯಾರ ಗಂಟಲೂ ಕಟ್ಟುವುದಿಲ್ಲ. ಗೆಣ್ಣಿನ ಲೆಕ್ಕ ಹೇಳಿಕೊಡುವಾಗ ದಯವಿಟ್ಟು ನನ್ನ ಹೆಸರು ಎತ್ತಬೇಡಿ. ನನಗಿಂತ ಹಿರಿಯರಾಗಿದ್ದ, ನನಗಿಂತ ಲೆಕ್ಕ ಬಲ್ಲ, ಸಂಗೀತವನ್ನಂತೂ ನನಗಿಂತ ಎಷ್ಟೋ ಪಾಲು ಬಲ್ಲ ಆ ಮನುಷ್ಯನನ್ನು ನಾನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಬಹುವಚನದಲ್ಲಿ ಮಾತಾಡಿಸಲಿಲ್ಲ. ಕ್ಷಮಿಸಿ ಎನ್ನಲಿಲ್ಲ. ಅದು ಅವರ ಲೆಕ್ಕ. ಅವರು ಹಿನಕಲ್ಲಿನ ಚಿಕ್ಕಲಿಂಗೇಗೌಡರು.